ಬೆನ್ನಿನ ಕೊಂಡಿ

ಚಂದ್ರನ ಮೇಲಿನ ನಮ್ಮ ಕಾಲೊನಿಯಲ್ಲಿ ನನ್ನ ಹೆಂಡತಿಯನ್ನು ಎಲ್ಲರೂ ಕರೆಯುವುದು ಸೂಜಿ ಅಕ್ಕ ಎಂದು. ಸೈನಿಕರು ಹೊರಗೆ ಹೋಗುವಾಗ ತೊಡುವ ಗಾಳಿ ಅಂಗಿಗಳ ರಿಪೇರಿ ಅವಳ ಕೆಲಸ, ನಾನು ಅವಳ ಸಹಾಯಕ. ಅವಳ ಬಾಯಿಯೂ ಸೂಜಿಯೇ. ಗಂಡನೇ ಹೇಳುತ್ತಿರುವಾಗ ಬೇರೆ ಸಾಕ್ಷಿ ಬೇಕಿಲ್ಲ.

ಆ ಅಂಗಿಯ ಕೊಂಡಿಗಳೆಲ್ಲ ಬೆನ್ನಿಗಿವೆ. ಎಂಥ ಶೂರನಾದರೂ ತನ್ನದನ್ನು ತಾನೇ ಹಾಕಿಕೊಳ್ಳಲಾರ, ಬಿಚ್ಚಿಕೊಳ್ಳಲಾರ. ಸೈನಿಕರ ಅಂಗಿಗಳ ಕೊಂಡಿ ರಿಪೇರಿಗೂ ಬಗ್ಗದಷ್ಟು ಸವೆದುಹೋಗಿತ್ತು. ಹೊಸದು ಕೊಡಿ ಎಂದು ಕೇಳಿ ಕೇಳಿ ಹುಡುಗರಿಗೆ ಸಾಕಾಗಿತ್ತು. ಕೆಲಸಗಳ್ಳರ ನೆಪ ಎಂದು ಕಮಾಂಡರ್ ಸಾಹೇಬರು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಒಬ್ಬನ ಕೊಂಡಿ ಹೊರಗೇ ಕಳಚಿ, ಅರೆಜೀವವಾದ ಅವನನ್ನು ಒಳಗೆ ಎಳೆದು ತಂದರು. ಮಾರನೆಯ ದಿನ ದಂಗೆ ಶುರು.

ದಂಗೆ ಎಂದರೆ ಗುಂಡು ಹಾರಲಿಲ್ಲ. ಹುಡುಗರು ಹೊರಗಿನ ರೇಡಿಯೋ ಕಂಬದ ತಂತಿ ಕಿತ್ತುಹಾಕಿ ಬಂದು, ಅಂಗಿ ಬಿಚ್ಚದೆಯೇ ಹಜಾರದಲ್ಲಿ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತರು. ಇನ್ನು ಯಾರ ಕೊಂಡಿಯನ್ನೂ ಹಾಕುವುದಿಲ್ಲ ಎಂದರು. ಅವರ ಮುಂದಾಳು ನನ್ನ ಭಾವಮೈದುನ. ತಾಯಿ ಇಲ್ಲದ ಆ ತಮ್ಮನನ್ನು ನನ್ನವಳೇ ಎತ್ತಿ ಆಡಿಸಿ ಬೆಳೆಸಿದ್ದಳು.

ಸಾಹೇಬರು ತಮ್ಮ ಹೊಚ್ಚಹೊಸ ಅಂಗಿ ತೊಟ್ಟು, ಬೆನ್ನಿಗೆ ಕೈ ಎಟುಕದೆ ಗಿರಗಿರ ಸುತ್ತಿ, ಬೆವರುತ್ತ ನಮ್ಮ ರಿಪೇರಿ ಕೋಣೆಗೆ ಬಂದರು.

“ಹಾಕಿಯಮ್ಮ ಕೊಂಡಿ. ತಂತಿ ಸರಿಮಾಡಿ ಪಕ್ಕದ ಶಿಬಿರದಿಂದ ಪಡೆ ಕರೆಸ್ತೀನಿ. ನಿಮ್ಮ ತಮ್ಮನಿಗೆ ಜೈಲೇ ಗತಿ!”

ಮಾತು ತಮ್ಮನ ಜೈಲಿನದಾದರೂ ಕೊಂಡಿ ಸಡಿಲ ಬಿಡುವುದು ನನ್ನವಳ ಜಾಯಮಾನವಲ್ಲ. ಒಂದೊಂದನ್ನೂ ಬಿಗಿಯಾಗಿ ಹಾಕಿದಳು. ಆಮೇಲೆ ಗೂಟದಲ್ಲಿದ್ದ ಸೈನಿಕರ ಅಂಗಿಯೊಂದನ್ನು ತಾನೇ ತೊಟ್ಟು, ಬೆನ್ನು ತಿರುಗಿಸಿದಳು.

“ಒಬ್ಬರೇ ಹೊರಗೆ ಹೋಗೋ ಹಾಗಿಲ್ಲ ಅಂತ ನಿಮ್ಮದೇ ರೂಲು. ಜೊತೆಗೆ ನಾನು ಬರ್ತೀನಿ. ನನ್ನದು ನೀವು ಹಾಕಿ.”

“ನಿಮ್ಮ ಯಜಮಾನರಿದ್ದಾರಲ್ಲ?”

“ಅವರಾ? ಅವರಿಗೆ ಸ್ವಂತ ಶರ್ಟಿನ ಗುಂಡಿ ಹಾಕ್ಕೊಳ್ಳೋಕೇ ಬರಲ್ಲ.”

ದಿನವಿಡೀ ಕೊಂಡಿ ಕೂರಿಸುವ ನಾನು ಪೆಚ್ಚುಮೋರೆ ಹಾಕಿ ನಿಂತೆ. ಮದುವೆಯಾದಾಗಿನಿಂದ ಅದು ಅಭ್ಯಾಸವಾಗಿದೆ.

ಸಾಹೇಬರು ಜೀವಮಾನದಲ್ಲೇ ಮೊದಲ ಸಲ ಇನ್ನೊಬ್ಬರ ಕೊಂಡಿ ಒತ್ತಿದರು. ಕಳಚಿತು. ಜೋರಾಗಿ ಒತ್ತಿದರು. ಮತ್ತೆ ಕಳಚಿತು.

“ಇದು ಹಿಡೀತಾನೇ ಇಲ್ಲವಲ್ರೀ!”

“ಎಲ್ಲರದ್ದೂ ಹೀಗೇ ಸಾರ್. ಹೇಗೋ ಹಾಕಿ, ಹೊರಡೋಣ.”

“ಹೀಗೆ ನಿಮ್ಮನ್ನ ಹೊರಗೆ ಕರ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ.”

“ಮತ್ತೆ ಹುಡುಗರನ್ನ ಕಳಿಸ್ತಿದ್ರಲ್ಲ?”

ಸಾಹೇಬರು ನೇರ ಹಜಾರಕ್ಕೆ ನಡೆದರು, ನಾವು ಹಿಂದೆಯೇ ಓಡಿದೆವು. ಸಾಲಾಗಿ ನಿಂತ ಬೆನ್ನುಗಳ ಮುಂದೆ ಒಂದೊಂದೇ ಕೊಂಡಿ ಒತ್ತಿ ನೋಡುತ್ತ ಹೋದರು. ಭಾವಮೈದುನನದು ಕಿತ್ತು ಅವರ ಕೈಗೇ ಬಂತು.

“ಹೊಸದು ಬರೋವರೆಗೆ ಯಾರೂ ಹೊರಗೆ ಹೋಗಬೇಡಿ,” ಎಂದರು.

ಅವನು ಗೋಡೆ ನೋಡುತ್ತಲೇ ಕೇಳಿದ. “ಇದು ಆರ್ಡರಾ ಸಾರ್?”

“ಆರ್ಡರೇ. ಜೈಲಿನ ಮಾತೂ ಬಿಟ್ಟೆ.”

ನನ್ನವಳು ಸೆರಗಿಲ್ಲದ ಆ ಗಾಳಿ ಅಂಗಿಯಲ್ಲಿ ಕಣ್ಣೊರೆಸಿಕೊಳ್ಳಲು ಪರದಾಡಿದಳು.

ಆದರೂ ಒಬ್ಬನೂ ತಿರುಗಲಿಲ್ಲ. ಸಾಹೇಬರು ತಾವೇ ಅವರಿಗೆ ಬೆನ್ನು ಮಾಡಿ ನಿಂತರು.

“ಯಾರಾದ್ರೂ ಬಿಚ್ಚಿ ಕೊಡ್ರಪ್ಪ, ಇದರೊಳಗೆ ಬೆಂದು ಹೋಗ್ತಿದ್ದೀನಿ.”

ಭಾವಮೈದುನ ಗೋಡೆ ಬಿಟ್ಟು ತಿರುಗಿ, ಅವರ ಕೊಂಡಿಗೆ ಕೈ ಹಾಕಿದ.