ಮೂಗಿನ ತುದಿಯ ಹಸಿರು ಬೊಟ್ಟು

ನಮ್ಮ ಮೇಡಂ ಮೂಗಿನ ತುದಿಯಲ್ಲಿ ಸದಾ ಒಂದು ಹಸಿರು ಬೊಟ್ಟು ಇರುತ್ತಿತ್ತು. ಹುಳುಗಳನ್ನು ಕೊಲ್ಲುವ ಶಿಲೀಂಧ್ರದ ಬೀಜಾಣುಗಳ ಪುಡಿ ಅದು. ಕನ್ನಡಕವಿದ್ದರೂ ಕಣ್ಣು ಸಾಲದೆ, ಸತ್ತ ಹುಳುವನ್ನು ಮುಖಕ್ಕೆ ತಾಗಿಸಿಕೊಂಡೇ ನೋಡುವವರು ಅವರು. ಅದೇ ಮೂಗಿನಲ್ಲಿ ಕ್ಲಾಸಿಗೂ ಹೋಗುತ್ತಿದ್ದರು, ಮದುವೆಮನೆಗೂ ಹೋಗುತ್ತಿದ್ದರು. ಹೇಳಿದರೆ, "ಇರ್ಲಿ ಬಿಡೇ, ನಂಗೆ ಇದೇ ಮೂಗುಬೊಟ್ಟು" ಎಂದು ನಗುತ್ತಿದ್ದರು.

ಸಾಗರದ ಕಾಲೇಜೊಂದರಲ್ಲಿದ್ದ ಅವರ ಲ್ಯಾಬಿಗೆ ನಾನು ಪಿಎಚ್.ಡಿ. ಮಾಡಲು ಸೇರಿದ್ದೆ. ಈ ಶಿಲೀಂಧ್ರದ ಬೀಜಾಣು ಹುಳುವಿನ ಮೈಮೇಲೆ ಬಿದ್ದು ಮೊಳೆತಾಗ, ಮೊಳಕೆಯ ತುದಿ ಉಬ್ಬಿ ಒಂದು ಜೀವಕೋಶದ ಗುಬುಟು ಕಟ್ಟುತ್ತದೆ. ಅದರ ಬಲದಲ್ಲೇ ಹುಳುವಿನ ಚರ್ಮವನ್ನು ತೂತು ಮಾಡಿ ಒಳಗಿಳಿಯುತ್ತದೆ. ಗುಬುಟು ಕಟ್ಟಿಸುವ ಜೀನ್ ಯಾವುದೆಂದು ಹುಡುಕುವುದು ನನ್ನ ಕೆಲಸ.

ಕೊನೆಯ ವರ್ಷ ಒಂದು ಜೀನ್ ಕತ್ತರಿಸಿ ತೆಗೆದೆ. ಗುಬುಟು ಕಟ್ಟಲೇ ಇಲ್ಲ! ಸಿಕ್ಕಿತಲ್ಲ ಎಂದು ಪೇಟೆಗೆ ಓಡಿ ಜಿಲೇಬಿ ತಂದೆ. ವರಾಂಡದಲ್ಲಿ ಕೂತು ಜಿಲೇಬಿ ಮುರಿಯುತ್ತ ಮೇಡಂ ಕೇಳಿದರು: "ಜೀನ್ ಮುಟ್ಟದೇ ಇಟ್ಕೊಂಡಿದ್ದು ಎಂತ ಮಾಡ್ತು?"

ಹೋಗಿ ನೋಡಿದೆ. ಅದೂ ಗುಬುಟು ಕಟ್ಟಿರಲಿಲ್ಲ. ಅಂದರೆ ನಾನು ಜೀನ್ ಕತ್ತರಿಸಿದ್ದರಿಂದ ಏನೂ ಸಾಬೀತಾಗಿರಲಿಲ್ಲ.

ಥೀಸಿಸ್ ಮುಳುಗಿತೆಂದು ನನಗೆ ಅಳುವೊಂದೇ ಬಾಕಿ. ಮೇಡಂ ಮಾತ್ರ ಜಿಲೇಬಿ ಮುಗಿಸಿ ಕೈ ತೊಳೆದರು.

"ಈ ಶಿಲೀಂಧ್ರನ ವರ್ಷಗಟ್ಲೆ ಪ್ಲೇಟಿಂದ ಪ್ಲೇಟಿಗೆ ಹಾಕಿ, ಸಕ್ಕರೆ ತಿನ್ಸಿ ಸಾಕಿದೀವಲ್ಲೇ. ಬೇಟೆ ಮರ್ತು ಹೋಗಿದೆ. ಕೂತಲ್ಲೇ ಊಟ ಸಿಕ್ರೆ ಯಾರು ಬಾಗ್ಲು ಒಡೀತಾರೆ? ನಡಿ ಮಾರಾಯ್ತಿ, ಹೊಸದು ತರೋಣ."

ಮರುದಿನ ಬಸ್ಸು ಹತ್ತಿ ನಿಟ್ಟೂರಿನ ಅವರ ಅಣ್ಣನ ಅಡಿಕೆ ತೋಟಕ್ಕೆ ಹೋದೆವು. ಬೇರುಹುಳು ಬಿದ್ದ ಮರಗಳ ಬುಡ ಅಗೆದದ್ದೇ ಅಗೆದದ್ದು. ಅಣ್ಣನಿಗೆ ತಲೆಕೆಟ್ಟಿತು. "ಬದುಕಿರೋದನ್ನ ಬುಟ್ಟಿ ತುಂಬ ತಗಂಡ್ಹೋಗೇ. ಸತ್ತಿದ್ದೇ ಬೇಕು ಅಂತ ಹಟ ಮಾಡೋಳು ನೀನೊಬ್ಳೇ!" ಸಂಜೆಯ ಹೊತ್ತಿಗೆ ಸೆಟೆದು ಸತ್ತು, ಮೈತುಂಬ ಹಸಿರು ಹೊದ್ದ ಒಂದು ಹುಳು ಸಿಕ್ಕಿತು. ಮೇಡಂ ಮೊಮ್ಮಗು ಹುಟ್ಟಿದಷ್ಟು ಹಿಗ್ಗಿದರು.

ವಾಪಸು ಬರುವಾಗ ಡಬ್ಬಿ ಅವರ ಮಡಿಲಲ್ಲೇ ಇತ್ತು. "ಡಬ್ಬೀಲಿ ಎಂತ ಮೇಡಂ, ಮೀನಾ?" ಎಂದ ಕಂಡಕ್ಟರ್.

"ಅಲ್ಲ ಮಾರಾಯ, ಹೆಣ."

ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು. ನಾವು ಸಾಗರದವರೆಗೂ ಆರಾಮಾಗಿ ಕೂತು ಬಂದೆವು.

ಆ ಹುಳುವಿನಿಂದ ಬೆಳೆಸಿದ ಶಿಲೀಂಧ್ರ ಒಂದೇ ರಾತ್ರಿಯಲ್ಲಿ ಗುಬುಟು ಕಟ್ಟಿತು. ಅದರಲ್ಲಿ ಅದೇ ಜೀನನ್ನು ಮತ್ತೆ ಕತ್ತರಿಸಿದೆ, ತಿಂಗಳುಗಟ್ಟಲೆ ಹಿಡಿಯಿತು. ಈ ಸಲ ಕತ್ತರಿಸಿದ್ದು ಕಟ್ಟಲಿಲ್ಲ, ಮುಟ್ಟದೇ ಇಟ್ಟದ್ದು ಕಟ್ಟಿತು. ಮೇಡಂ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಹೇಳಿದರು: "ಈಗ ತಾ ಜಿಲೇಬಿ."

ಈಗ ತೀರ್ಥಹಳ್ಳಿಯಲ್ಲಿ ನಾನೇ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳು ರಿಸಲ್ಟ್ ಹಿಡಿದು ಕುಣಿಯುತ್ತ ಬಂದಾಗಲೆಲ್ಲ ಬಾಯಲ್ಲಿ ಮೇಡಂ ಪ್ರಶ್ನೆಯೇ ಬರುತ್ತದೆ. ಅಂದು ಮೇಡಂ ಅದನ್ನು ಕೇಳದಿದ್ದರೆ ನಾನು ಏನೂ ಸಾಬೀತಾಗದ ಪ್ರಯೋಗವನ್ನೇ ಥೀಸಿಸ್ ಮಾಡಿ, ಜನ್ಮವಿಡೀ ಅದನ್ನೇ ನಂಬಿಕೊಂಡಿರುತ್ತಿದ್ದೆ. ಆ ಋಣ ದೊಡ್ಡದು.

ನಿವೃತ್ತರಾದ ಮೇಲೆ ಅವರು ಹೊಸನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊನ್ನೆ ಹೋದಾಗ ನೋಡಿದರೆ ಮೂಗು ಬೋಳು. ನನ್ನ ಕೈಯಲ್ಲಿದ್ದ ಡಬ್ಬಿ ಕಂಡು, "ಬರೀಗೈಲಿ ಬರ್ಬಾರ್ದಾ? ಮತ್ತೆ ಹಣ್ಣು ತಂದ್ಯಾ?" ಎಂದು ಗದರಿದರು. ನಾನು ಡಬ್ಬಿ ಕೊಟ್ಟೆ.

ಮುಚ್ಚಳ ತೆಗೆದವರೇ "ಅಯ್ಯೋ! ಎಲ್ಲಿ ಸಿಕ್ತೇ ಇದು?" ಎನ್ನುತ್ತ ಮುಖವನ್ನು ಡಬ್ಬಿಯೊಳಗೇ ಇಳಿಸಿದರು. ತಲೆ ಎತ್ತಿದಾಗ ಹಸಿರು ಬೊಟ್ಟು ತನ್ನ ಜಾಗದಲ್ಲಿತ್ತು.