ಮಾವ ಕೆರೆಯಿಂದ ಎತ್ತಿ ತಂದ ಗಣಪತಿ

ನಾನು ಚಿಕ್ಕವನಿದ್ದಾಗ ಒಂದು ಸುಳ್ಳಿಗೆ ತಲೆಯಾಡಿಸಿದ್ದೆ. ಹೌದು, ದಿನಕ್ಕೆ ಹತ್ತು ಸಲ 'ಸುಳ್ಳು ಹೇಳಬೇಡಿ' ಎಂದು ನಿಮ್ಮನ್ನು ಗದರುವ ಇದೇ ಅಜ್ಜ! ಆಗ ನನಗೆ ಒಂಬತ್ತು ವರ್ಷ. ಥಾಣೆಯ ನೌಪಾಡಾದಲ್ಲಿ ನಮ್ಮ ಎರಡು ಕೋಣೆಯ ಮನೆ. ಕೆಳಗೆ ಅಪ್ಪನ ಚಿಕ್ಕ ಹೋಟೆಲು.

ಅಮ್ಮನ ತಮ್ಮ, ಅಂದರೆ ನನ್ನ ಮಾವ, ಸೈನ್ಯದಲ್ಲಿದ್ದರು. ಆ ಮಳೆಗಾಲ ಕಲ್ಯಾಣದ ಕಡೆ ನೆರೆ ಬಂದಾಗ ದೋಣಿಯಲ್ಲಿ ಹೋಗಿ ಜನರನ್ನು ಕಾಪಾಡಿದವರಲ್ಲಿ ಅವರೂ ಒಬ್ಬರು. ಚೌತಿಗೆ ರಜೆ ಹಾಕಿ ನಮ್ಮ ಮನೆಗೆ ಬಂದರು. ಮೊದಲೆಲ್ಲ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಿದ್ದ ಮಾವ ಈ ಸಲ ನಲ್ಲಿ ಬಿಟ್ಟ ಸದ್ದಿಗೂ ಬೆಚ್ಚುತ್ತಿದ್ದರು. ಊಟಕ್ಕೆ ಕೂತಾಗ ನಮ್ಮ ತಲೆಗಳನ್ನು ಎಣಿಸುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ ನನ್ನೊಬ್ಬನಿಗೇ ಹೇಳಿದರು: "ಒಂದು ಹುಡುಗಿಯ ಕೈ ಹಿಡಿದಿದ್ದೆ ಮಾರಾಯ. ಜಾರಿತು. ಕೈ ಮಾತ್ರ ನೀರಿನ ಮೇಲೆ ಕಾಣ್ತಿತ್ತು. ಮತ್ತೆ ಅದೂ ಇಲ್ಲ."

ನಮ್ಮದು ಒಂದೂವರೆ ದಿನದ ಗಣಪತಿ. ಮರುದಿನ ಮಧ್ಯಾಹ್ನ ಕೆರೆಗೆ ಹೊರಟಾಗ ಮನೆ ತುಂಬ ಕರ್ಪೂರದ ಮತ್ತು ಪಂಚಕಜ್ಜಾಯದ ಎಳ್ಳಿನ ಘಮ.

"ಭಾವ, ನಾನು ನೀರಿಗೆ ಇಳಿಯೋದಿಲ್ಲ," ಎಂದರು ಮಾವ.

"ಎಂತದು ಮಾರಾಯ, ಮಿಲಿಟ್ರಿಯವ ನೀನು! ನಾನು ಪಕ್ಕದಲ್ಲೇ ಇರ್ತೇನೆ," ಎಂದು ಅಪ್ಪ ಮೂರ್ತಿಯನ್ನು ಅವರ ಕೈಗೇ ಕೊಟ್ಟರು.

ಕೆರೆಯಲ್ಲಿ ಗೊಂಡೆ ಹೂಗಳು ತೇಲುತ್ತಿದ್ದವು, ತಾಳದ ಸದ್ದಿಗೆ ಕಿವಿ ಗುಂಯ್‌ಗುಡುತ್ತಿತ್ತು. ಎದೆಮಟ್ಟದ ನೀರಿನಲ್ಲಿ ನಿಂತು ಮಾವ ಮೂರ್ತಿಯನ್ನು ಎರಡು ಸಲ ಮುಳುಗಿಸಿ ಎತ್ತಿದರು, ಮೂರನೆಯ ಸಲ ಬಿಟ್ಟರು. ಗಣಪತಿ ಮುಳುಗಿದ, ಹರಸುವ ಬಲಗೈ ಮಾತ್ರ ಒಂದು ಗಳಿಗೆ ಮೇಲೆ ಕಂಡಿತು. ಮಾವ ಚೀರಿಕೊಂಡು ಮುಳುಗು ಹಾಕಿದರು. ಮೂರ್ತಿಯನ್ನು ಎದೆಗವಚಿಕೊಂಡು ಬಂದು ಮೆಟ್ಟಿಲ ಮೇಲೆ ಮಲಗಿಸಿ, ಅದರ ಮುಖ ಒರೆಸತೊಡಗಿದರು. ಮಣ್ಣು ಕರಗಿ ಬಿಳಿ ಅಂಗಿಗೆಲ್ಲ ಮೆತ್ತಿಕೊಂಡಿತ್ತು. "ಸಿಕ್ಕಿದ್ಳು, ಸಿಕ್ಕಿದ್ಳು," ಎನ್ನುತ್ತಲೇ ಇದ್ದರು.

ತಾಳ ನಿಂತಿತು. ಬಿಟ್ಟ ದೇವರನ್ನು ಎತ್ತಿ ತರುವುದೆಂದರೇನು! ಜನ ಸಿಟ್ಟಿನಿಂದ ಮುತ್ತಿಕೊಂಡರು. ಪಕ್ಕದಲ್ಲಿರುತ್ತೇನೆಂದ ಅಪ್ಪ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು. ಅಲ್ಲಿಂದಲೇ ಕೈಮುಗಿದು, "ಮಾಫ್ ಕರೋ ಭಾಯ್, ಥೋಡಾ ಪೀ ಲಿಯಾ ಹೈ," ಎಂದರು. ಕುಡಿದಿದ್ದಾರಂತೆ! ಮಜ್ಜಿಗೆ ಬಿಟ್ಟರೆ ಬೇರೇನೂ ಮುಟ್ಟದ ನನ್ನ ಮಾವ!

"ಅಲ್ವಾ ಮಗಾ?" ಎಂದು ಅಪ್ಪ ನನ್ನನ್ನು ಕೇಳಿದರು. ನನಗೆ ಹೆದರಿಕೆಯಾಯಿತು. ತಲೆಯಾಡಿಸಿದೆ. ಆಗ ಮಾವ ತಿರುಗಿ ನೋಡಿದ್ದು ಅಪ್ಪನನ್ನಲ್ಲ, ನನ್ನನ್ನು.

ಮನೆಗೆ ಬಂದ ಮೇಲೆ ಅಮ್ಮ ಜಗಳವಾಡಿದಳು. "ಹುಚ್ಚು ಅಂದ್ರೆ ಅವನಿಗೆ ಹೆಣ್ಣು ಯಾರು ಕೊಡ್ತಾರೆ? ಕುಡಿದದ್ದಾದ್ರೆ ಜನ ನಾಳೆಗೆ ಮರೀತಾರೆ," ಎಂದರು ಅಪ್ಪ. ಮಾವ ಮರೆಯಲಿಲ್ಲ. ಸಂಜೆಯೇ ಚೀಲ ಎತ್ತಿಕೊಂಡು ಹೊರಟರು. ಎಷ್ಟೋ ವರ್ಷಗಳ ಮೇಲೆ ನನ್ನ ಅಕ್ಕನ ಮದುವೆಗೆ ಬಂದವರು ಊಟಕ್ಕೂ ನಿಲ್ಲಲಿಲ್ಲ. ಅಪ್ಪನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ನಿಮ್ಮ ಶಾಲೆಯಲ್ಲಿ ಮನಸ್ಸಿನ ಮಾತು ಕೇಳಲೆಂದೇ ಒಬ್ಬರು ಟೀಚರ್ ಇದ್ದಾರೆ. ಭಯವಾದರೆ ಹೋಗಿ ಹೇಳಿಕೊಂಡು, ಹಸಿವಾಗಿದೆ ಎಂದು ಮನೆಗೆ ಓಡಿ ಬರುತ್ತೀರಿ. ನಮ್ಮ ಕಾಲದಲ್ಲಿ ಹೆದರಿದ ಗಂಡಸಿಗೆ ಎರಡೇ ಹೆಸರು: ಕುಡುಕ, ಇಲ್ಲವೇ ಹುಚ್ಚ. ನಿನ್ನೆ ನೀವು ಗೋಡೆಯ ಮೇಲಿನ ಯೂನಿಫಾರ್ಮಿನ ಫೋಟೋ ತೋರಿಸಿ, "ಅಜ್ಜಾ, ಯೇ ಕೌನ್ ಹೈ?" ಎಂದಾಗ ನಾನು ಮಾತು ಮರೆಸಿದೆ. ಅವರು ನನ್ನ ಮಾವ. ಅಂದು ಅವರು ಕುಡಿದಿರಲಿಲ್ಲ ಮಕ್ಕಳೇ. ಆ ಹುಡುಗಿಯನ್ನು ಎತ್ತಿ ತಂದಿದ್ದರು.