ಅವಿರೋಧ ಆಯ್ಕೆ ಬೇಡವೆಂದ ಆಂಟಿ

ಅಮೆರಿಕದ ಷಾರ್ಲೆಟ್ಟಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಯಾರಾದರೂ ತಮ್ಮ ಮಾತಿಗೆ ತಟಕ್ಕನೆ ಒಪ್ಪಿಬಿಟ್ಟರೆ ಕನ್ನಡಕವನ್ನು ಹಣೆಗೇರಿಸಿ, "ಎದುರಿಗೆ ಯಾರಿದಾರೆ?" ಎಂದು ಕೇಳುತ್ತಿದ್ದರು.

ಕೊರೊನಾದ ಮೊದಲ ವರ್ಷ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಊರು ಬಿಟ್ಟರು. ಮಕ್ಕಳ ಕನ್ನಡ ತರಗತಿ ಕಾರ್ಯದರ್ಶಿಯ ಕೈಯಲ್ಲಿದ್ದುದರಿಂದ ಆಂಟಿಗೆ ಆ ಸ್ಥಾನದ ಮೇಲೆ ತುಂಬ ಆಸೆಯಿತ್ತು. ಝೂಮ್ ಸಭೆಯಲ್ಲಿ ಅಧ್ಯಕ್ಷರು, "ಇಂಥ ಟೈಮಲ್ಲಿ ಎಲೆಕ್ಷನ್ ಯಾಕೆ? ಆಂಟೀನೇ ಅವಿರೋಧವಾಗಿ ಆರಿಸೋಣ," ಎಂದರು.

ಕನ್ನಡಕ ಹಣೆಗೇರಿತು.

"ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಪಾರ್ಲಿಮೆಂಟಿನ ಉಪಚುನಾವಣೆಗಳೂ ಹೀಗೇ ಆಗ್ತಿದ್ವು. ಖಾಲಿಯಾದ ಸೀಟು ಯಾವ ಪಕ್ಷದ್ದೋ ಅದರ ಎದುರು ಉಳಿದ ದೊಡ್ಡ ಪಕ್ಷಗಳು ನಿಲ್ಲಲ್ಲ ಅಂತ ಒಪ್ಪಂದ. ಅಲ್ಲಿ ಬಾಂಬ್ ಬೀಳ್ತಿತ್ತಪ್ಪ. ಇಲ್ಲೇನು, ಝೂಮಲ್ಲಿ ಕೈ ಎತ್ತಿದ್ರೆ ಕೊರೊನಾ ಅಂಟುತ್ತಾ?"

ಎದುರಾಳಿಯನ್ನೂ ಆಂಟಿಯೇ ಹುಡುಕಿದರು. "ನೀನು ನಿಲ್ಲಮ್ಮ," ಎಂದು ನನ್ನನ್ನೇ ಹಿಡಿದರು.

"ಆಂಟಿ, ನಾನು ನಿಮಗೇ ಓಟ್ ಹಾಕೋಳು."

"ಹಾಕು. ನಿಲ್ಲು ಅಂದೆ, ಅಷ್ಟೆ."

ಅವರು ಗೆಲ್ಲುತ್ತಾರೆಂಬುದರಲ್ಲಿ ಅವರಿಗೂ ನನಗೂ ಸಂಶಯವಿರಲಿಲ್ಲ. ಕೈಗಳು ಎದ್ದಾಗ ಗೆದ್ದವಳು ನಾನು.

ಆ ಪುಟ್ಟ ಚೌಕದಲ್ಲಿ ಅವರ ಮುಖ ಒಂದು ಕ್ಷಣ ಬಾಡಿತೇ? ಬಾಡಿತೆಂದೇ ನೆನಪು, ಆದರೆ ಆ ನೆನಪಿಗೆ ನನ್ನ ಸಂಕೋಚವೂ ಬೆರೆತಿರಬಹುದು. ದನಿಯ ಬಗ್ಗೆ ಮಾತ್ರ ಅನುಮಾನವಿಲ್ಲ. ಅದು ತರಗತಿಯ ದನಿ.

"ಭಾನುವಾರ ಮಕ್ಕಳಿಗೆ ಏನು ಪಾಠ ಮಾಡಿಸ್ತೀಯ, ಹೇಳು. ಎದುರಿಗೆ ನಾನಿದೀನಿ."